ಹಗ್ಗದೂರಿನ ಆರ್ಚ್‌ಬಿಷಪ್ಪನೂ ಊರಿಗಾಮಿನ ದುಭಾಷಿಯೂ

ಬಂಗಾರಪೇಟೆ ಜಂಕ್ಷನ್

ಇಂಗ್ಲೆಂಡ್ ಸೀಮೆಗೆ ಹೋಗಿ ಬಂದವನನ್ನು ನಮ್ಮ ಜನ ಕೇಳುವ ಮೊದಲ ಪ್ರಶ್ನೆ, "ಅಲ್ಲಿ ಊಟಕ್ಕೇನು ಮಾಡಿದ್ರಿ?" ಎರಡನೆಯದು, "ರಾಣೀನ ನೋಡಿದ್ರಾ?" ಎರಡಕ್ಕೂ ಈಗಲೇ ಉತ್ತರ ಹೇಳಿ ಮುಗಿಸಿಬಿಡುತ್ತೇನೆ. ಊಟಕ್ಕೆ ಆಲೂಗಡ್ಡೆ. ರಾಣಿಯನ್ನು ನೋಡಲಿಲ್ಲ, ಆಕೆಯೂ ನನ್ನನ್ನು ಕೇಳಲಿಲ್ಲ. ನಾನು ಅಲ್ಲಿ ದಿನಾ ಬೆಳಗಾದರೆ ಎದುರಿಸಬೇಕಾಗಿದ್ದು ಮುನ್ನೂರು ವರ್ಷಗಳ ಹಿಂದೆ ಸತ್ತುಹೋದ ಒಬ್ಬ ಆರ್ಚ್‌ಬಿಷಪ್ಪನನ್ನು. ಆರ್ಚ್‌ಬಿಷಪ್ಪೆಂದರೆ ಪಾದ್ರಿಗಳಿಗೆಲ್ಲ ಮೇಲಿನ ಪಾದ್ರಿ, ನಮ್ಮ ಕಡೆಯ ದೊಡ್ಡ ಮಠದ ಪೀಠಾಧಿಪತಿಗಳಿದ್ದ ಹಾಗೆ. ಆ ಪುಣ್ಯಾತ್ಮನ ದೆಸೆಯಿಂದ ಇಬ್ಬರು ಅಕ್ಕತಂಗಿಯರ ನಡುವೆ ಸಿಕ್ಕಿ ನಾನು ನುಜ್ಜುಗುಜ್ಜಾದೆ.

ನಾನು ಊರಿಗಾಂ ಗಣಿ ಆಫೀಸಿನ ದುಭಾಷಿ ನಂಜುಂಡಯ್ಯ. ಕನ್ನಡ, ತಮಿಳು, ತೆಲುಗು, ಇಂಗ್ಲಿಷು ನಾಲ್ಕೂ ನನ್ನ ಬಾಯಲ್ಲಿ ಜಗಳವಿಲ್ಲದೆ ಸಂಸಾರ ಮಾಡಿಕೊಂಡಿವೆ. ದೊರೆ ಆಡಿದ್ದನ್ನು ಆಳಿಗೆ, ಆಳು ಆಡಿದ್ದನ್ನು ದೊರೆಗೆ ದಾಟಿಸುವುದು ನನ್ನ ಕೆಲಸ. ಆಡಿದ್ದನ್ನು ಆಡಿದಂತೆಯೇ ದಾಟಿಸುವ ದುಭಾಷಿ ಕೆಜಿಎಫ್‌ನಲ್ಲಿ ಒಂದು ವಾರ ಬಾಳಲಾರ. ದೊರೆ ಮೇಜು ಗುದ್ದಿ "ಈ ಕತ್ತೆಯನ್ನು ಆಚೆಗೆ ಅಟ್ಟು!" ಎಂದರೆ ನಾನು ತೆಲುಗಿನಲ್ಲಿ "ದೊರೆಗಳಿಗೆ ಇವತ್ತು ತಲೆನೋವು, ನಾಳೆ ಬಾರಪ್ಪ" ಅನ್ನುತ್ತಿದ್ದೆ. ಆಳು ತಮಿಳಿನಲ್ಲಿ ದೊರೆಯ ತಾಯಿಯನ್ನೆಲ್ಲ ಬೀದಿಗೆಳೆದರೆ, "ನಿಮ್ಮ ತಾಯಿಯವರ ಆರೋಗ್ಯ ವಿಚಾರಿಸುತ್ತಿದ್ದಾನೆ, ಸರ್" ಅನ್ನುತ್ತಿದ್ದೆ. ಅದನ್ನು ಕೇಳಿ ಒಬ್ಬ ದೊರೆ ಕರಗಿಹೋಗಿ, ಬೈದವನಿಗೇ ರಜೆ ಕೊಟ್ಟದ್ದುಂಟು.

ಗಣಿ ದೊರೆಗಳ ಕೈಯಿಂದ ಸರ್ಕಾರದ ಕೈಗೆ ಬಂದ ಹೊಸದರಲ್ಲಿ, ಶಾಫ್ಟಿನೊಳಗೆ ಆಳುಗಳನ್ನು ಇಳಿಸಿ ಹತ್ತಿಸುವ ಕೇಜಿಗೆ ಇಂಗ್ಲೆಂಡಿನಿಂದ ಹೊಸ ಬಗೆಯ ಉಕ್ಕಿನ ಹಗ್ಗ ತರಿಸುವುದೆಂದಾಯಿತು. ಅದನ್ನು ಪರೀಕ್ಷೆ ಮಾಡುವುದು, ತುದಿ ಹೆಣೆಯುವುದು ಕಲಿತುಬರಲು ನಂದಿದುರ್ಗ ಗಣಿಯಲ್ಲಿ ಕೇಜು ನಡೆಸುವ ಮುನಿಯಪ್ಪನನ್ನು ಆರಿಸಿದರು. ಬಂಗಾರಪೇಟೆ ಪಕ್ಕದ ಹಳ್ಳಿಯವನು. ಕೈ ಬಲು ಚುರುಕು, ಆದರೆ ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದದ್ದು 'ಸ್ಟಾಪ್' ಒಂದೇ. ಹೀಗಾಗಿ ಅವನ ಬಾಲಕ್ಕೆ ನನ್ನನ್ನು ಕಟ್ಟಿದರು.

ಬಂಗಾರಪೇಟೆ ಜಂಕ್ಷನ್ನಿಗೆ ಅವನ ಊರಿಗೆ ಊರೇ ಬಂದಿತ್ತು. ಅವನ ತಾಯಿ ರಾಗಿ ಹುರಿಹಿಟ್ಟಿನ ಗಂಟು ಕೈಗಿಟ್ಟು, "ಬಿಳೀ ಜನ ಅಂತ ಎದುರ್ಕೋಬ್ಯಾಡ ಕಣ್ಲಾ, ನೀರು ಕಾಸ್ಕೊಂಡು ಕುಡಿ" ಎಂದು ಅತ್ತಳು. ನನ್ನ ಹೆಂಡತಿ ಅಳಲಿಲ್ಲ. ಬದಲಿಗೆ ಒಂದು ಜಾಡಿ ಮಾವಿನಕಾಯಿ ಉಪ್ಪಿನಕಾಯಿಯನ್ನು ನನ್ನ ಪೆಟ್ಟಿಗೆಯಲ್ಲಿ ಕೋಟಿನ ನಡುವೆ ಸುತ್ತಿಟ್ಟಳು. ಜಾಡಿ ಬೊಂಬಾಯಿ ತಲುಪುವ ಮೊದಲೇ ಒಡೆಯಿತು. ಇಂಗ್ಲೆಂಡಿನಲ್ಲಿ ಇದ್ದಷ್ಟು ದಿನವೂ ನಾನು ಹೋದಲ್ಲೆಲ್ಲ ಇಂಗು ಮೆಂತ್ಯದ ವಾಸನೆ ನನಗಿಂತ ಮುಂದೆ ಹೋಗುತ್ತಿತ್ತು.

ಅಗ್ಗದೂರು

ನಾವು ತಲುಪಿದ ಊರಿನ ಹೆಸರು ನನ್ನ ನಾಲಿಗೆಗೇ ಸರಿಯಾಗಿ ಹೊರಳುವುದಿಲ್ಲ, ಇನ್ನು ಮುನಿಯಪ್ಪನ ಪಾಡೇನು! ಊರಿನ ತುಂಬ ಹಗ್ಗ ಹೊಸೆಯುವ ಕಾರ್ಖಾನೆಗಳೇ ಇದ್ದವಲ್ಲ, ಹಗ್ಗದೂರು ಎಂದು ನಾನೇ ನಾಮಕರಣ ಮಾಡಿದೆ. ಮುನಿಯಪ್ಪನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಅವನು "ಅಗ್ಗದೂರು, ಅಗ್ಗದೂರು" ಎನ್ನುತ್ತಿದ್ದ. ಒಂದು ಎಲೆಕೋಸಿಗೆ ಕೇಳುವ ಬೆಲೆ ನೋಡಿದ ಮೇಲೆ, "ಯೆಸ್ರು ಮಾತ್ರ ಅಗ್ಗ ಬುಡಿ ಸಾ" ಎಂದ.

ನಮಗೆ ಬಿಡಾರ ಕೊಟ್ಟವರು ಇಬ್ಬರು ಮುದುಕಿಯರು. ಅಕ್ಕ ಆಗ್ನೆಸ್, ಮದುವೆಯಾಗದವಳು, ಒಣಕಲು, ನೆಟ್ಟಗೆ ನಿಲ್ಲುವವಳು. ತಂಗಿ ಈಡಿತ್, ಗಂಡ ಸತ್ತಮೇಲೆ ತವರಿಗೆ ಬಂದು ನೆಲೆಸಿದವಳು, ದುಂಡಗಿನ ಮುಖದವಳು. ಮುನಿಯಪ್ಪ ಮೊದಲ ದಿನವೇ ಒಬ್ಬಳನ್ನು ದೊಡ್ಡಮ್ಮೋರು, ಇನ್ನೊಬ್ಬಳನ್ನು ಚಿಕ್ಕಮ್ಮೋರು ಎಂದು ಕರೆದ. ಇಬ್ಬರೂ ಅದೇನೋ ಭಾರೀ ಮರ್ಯಾದೆ ಎಂದುಕೊಂಡು ಅದಕ್ಕೇ ಓಗೊಡತೊಡಗಿದರು.

ಮಾರನೆಯ ಬೆಳಗ್ಗೆ ತಿಂಡಿಗೆ ಕೂತಿದ್ದೇವೆ. ದೊಡ್ಡಮ್ಮ ಬೆಕ್ಕಿನ ಕಡೆ ಬಗ್ಗಿ, "ಹಾಲು ಮುಗಿದಿದೆ ಅಂತ ಅವಳಿಗೆ ಹೇಳು" ಎಂದಳು. ಒಂದು ಗಜ ಆಚೆಗೆ ಕೂತಿದ್ದ ಚಿಕ್ಕಮ್ಮ ಅದೇ ಬೆಕ್ಕಿಗೆ, "ನಿನ್ನೆ ತರಬೇಕಾಗಿದ್ದವಳು ಅವಳೇ ಅಂತ ನೀನೂ ಹೇಳು" ಎಂದಳು. ಬೆಕ್ಕು ಯಾರಿಗೂ ಏನೂ ಹೇಳದೆ ಎದ್ದುಹೋಯಿತು.

"ಸಾ, ನಮ್ಮೂರಾಗೆ ಓರಗಿತ್ತೇರು ಮಾತು ಬುಟ್ರೆ ಕಂಬಕ್ಕೆ ಯೋಳ್ತಾರೆ. ಇಲ್ಲಿ ಬೆಕ್ಕಿಗೆ" ಎಂದು ಮುನಿಯಪ್ಪ ನನ್ನ ಕಿವಿಯಲ್ಲಿ ಹೇಳಿದ. ಅವನಿಗೆ ಪರಮಾನಂದವಾಗಿತ್ತು. ಇಂಗ್ಲಿಷರ ಮನೆಯಲ್ಲೂ ಹೀಗುಂಟು ಎಂದು ತಿಳಿದದ್ದೇ ಅವನ ಅರ್ಧ ಭಯ ಹೋಯಿತು.

ಅವನೇನೆಂದ ಎಂದು ದೊಡ್ಡಮ್ಮ ಕೇಳಿದಳು. "ರೊಟ್ಟಿ ಚೆನ್ನಾಗಿದೆಯಂತೆ" ಎಂದೆ. ನಿಮ್ಮ ಕಸುಬೇನು ಎಂದು ಚಿಕ್ಕಮ್ಮ ಕೇಳಿದಳು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ಎಂದೆ. ಅಯ್ಯೋ, ನಾನು ಬಾಯಿಗೆ ಬೀಗ ಹಾಕಿಕೊಂಡಿರಬೇಕಾಗಿತ್ತು! ಅಕ್ಕತಂಗಿಯರಿಬ್ಬರ ಕಣ್ಣೂ ಒಟ್ಟಿಗೆ ಅರಳಿದವು. ಅವತ್ತಿನಿಂದ ಬೆಕ್ಕಿಗೆ ಬಿಡುವಾಯಿತು, ನನಗೆ ಉದ್ಯೋಗವಾಯಿತು. ಇಂಗ್ಲಿಷಿನಿಂದ ಇಂಗ್ಲಿಷಿಗೆ ತರ್ಜುಮೆ ಮಾಡಿದ ದುಭಾಷಿ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಊಟದ ಮೇಜಿನ ಮೇಲೆ ಆರ್ಚ್‌ಬಿಷಪ್ಪ

ಜಗಳಕ್ಕೆ ಕಾರಣ ಆಸ್ತಿಯಿರಬೇಕು, ಇಲ್ಲ ಅಡಿಗೆಮನೆಯಿರಬೇಕು ಎಂದುಕೊಂಡಿದ್ದೆ. ಅಲ್ಲವಂತೆ, ಆರ್ಚ್‌ಬಿಷಪ್ಪನಂತೆ. ಊರಿನವರು ಅವನ ಹೆಸರು ಹೇಳುವುದಿಲ್ಲ, ಬರೀ 'ನಮ್ಮ ಆರ್ಚ್‌ಬಿಷಪ್' ಅನ್ನುತ್ತಾರೆ. ಚಿಕ್ಕಮ್ಮ ಚರ್ಚಿನವಳು, ಅವಳಿಗೆ ಅವನು ಸಂತ. ದೊಡ್ಡಮ್ಮ ಚರ್ಚಿನ ಕಟ್ಟಳೆ ಒಪ್ಪದೆ ಬೇರೆಯಾದ ಚಾಪೆಲ್ ಪಂಥದವಳು, ಅವಳಿಗೆ ಅವನು ರಾಕ್ಷಸ. ಇಬ್ಬರೂ ಅವನ ಚರಿತ್ರೆಯನ್ನು ನನ್ನ ತಟ್ಟೆಯ ಮೇಲಿಂದ ಆಚೀಚೆ ಎಸೆದಾಡಿದರು.

ಅವನು ಹಗ್ಗ ಹೊಸೆಯುವವನ ಮಗ. ತಂದೆಯ ಗುಡಿಸಲಲ್ಲಿ ನಾರಿನ ಕಂತೆಯ ಮೇಲೆ ಮಲಗಿ ಲ್ಯಾಟಿನ್ ಕಲಿತ ಮಹಾಬುದ್ಧಿವಂತ ಎಂದಳು ಚಿಕ್ಕಮ್ಮ. ದೊಡ್ಡಮ್ಮ, "ಅವಳಿಗೆ ಹೇಳಿ. ಹೊಸೆಯೋ ಹಗ್ಗವನ್ನೆಲ್ಲ ಕೆಡಿಸ್ತಿದ್ದ, ಕಾಟ ತಾಳಲಾರದೆ ಅಪ್ಪ ಶಾಲೆಗೆ ಅಟ್ಟಿದ" ಎಂದಳು. ಉಣ್ಣೆ ವ್ಯಾಪಾರಿಯೊಬ್ಬ ಕೈಹಿಡಿದು ಕಾಲೇಜಿಗೆ ಕಳಿಸಿದ. ಓದು ಮುಗಿಸಿದ ಹುಡುಗ ರಾಜನ ಅರಮನೆಯ ಪಾದ್ರಿಯಾದ. ಅವನ ಉಪದೇಶ ಕೇಳುವಾಗ ರಾಜ ಭಕ್ತಿಯಿಂದ ಕಣ್ಣು ಮುಚ್ಚುತ್ತಿದ್ದನೆಂದು ತಂಗಿ. ಗೊರಕೆಯೂ ಕೇಳಿಸುತ್ತಿತ್ತೆಂದು ಅಕ್ಕ.

ಜೌಗು ನೆಲದ ಒಂದು ಬಡ ಸೀಮೆಗೆ ಬಿಷಪ್ಪನಾದ, ಆಮೇಲೆ ದೊಡ್ಡದೊಂದಕ್ಕೆ, ಕೊನೆಗೆ ಆರ್ಚ್‌ಬಿಷಪ್. ಅಲ್ಲಿಂದ ಶುರುವಾಯಿತು ತಂಟೆ. ಚರ್ಚಿನಲ್ಲಿ ಪ್ರಸಾದ ಕೊಡುವ ಮೇಜು ಇಲ್ಲೇ ಇರಬೇಕು, ಅದಕ್ಕೆ ಕಟಕಟೆ ಇರಬೇಕು, ಜನ ಮಂಡಿಯೂರಿಯೇ ತೆಗೆದುಕೊಳ್ಳಬೇಕು ಎಂದು ರಾಜನ ಹೆಸರಿನಲ್ಲಿ ಅಪ್ಪಣೆ ಹೊರಡಿಸಿದ. ಇದೇ ಊರಿನ ಬೋಧಕನೊಬ್ಬ, ಅವನ ಬಾಲ್ಯದ ಗೆಳೆಯ, ಮಂಡಿಯೂರುವುದಿಲ್ಲ ಎಂದ. ಆರ್ಚ್‌ಬಿಷಪ್ ಆ ಗೆಳೆಯನ ಕೆಲಸ ಕಿತ್ತುಕೊಂಡು ಊರು ಬಿಡಿಸಿದ. ಕೆಲವು ವರ್ಷಕ್ಕೆ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾಗಿ ರಾಜನ ಕಡೆ ಸೋತು, ಗೆಳೆಯ ಊರಿಗೆ ಮರಳಿದ, ಆರ್ಚ್‌ಬಿಷಪ್ ಜೈಲಿಗೆ ಹೋದ. ಬಿಟ್ಟಾಗ ಮುದುಕ, ದಿಕ್ಕಿಲ್ಲದವ. ನಡೆದುಕೊಂಡೇ ಹುಟ್ಟೂರಿಗೆ ಬಂದು, ಒಂದು ಸಂಜೆ ಆ ಗೆಳೆಯನ ಮನೆಯ ಮುಂದೆ ನಿಂತನಂತೆ. ಇಲ್ಲಿಯವರೆಗೆ ಇಬ್ಬರಿಗೂ ಒಪ್ಪಿಗೆ.

ಮುಂದಿನದೇ ವ್ಯಾಜ್ಯ. ಕ್ಷಮೆ ಕೇಳಲು ಬಾಗಿಲು ತಟ್ಟಿದ, ಒಳಗಿದ್ದವನು ತೆಗೆಯಲಿಲ್ಲ ಎನ್ನುತ್ತಾರೆ ಚರ್ಚಿನವರು. ತಟ್ಟಲೇ ಇಲ್ಲ, ಬಿಗುಮಾನ ಬಿಡದೆ ಹಾಗೇ ಹೊರಟುಹೋದ, ಒಳಗಿದ್ದವನು ಕಾಯುತ್ತಲೇ ಇದ್ದ ಎನ್ನುತ್ತಾರೆ ಚಾಪೆಲಿನವರು. ಕೆಲವು ವಾರದಲ್ಲಿ ಆರ್ಚ್‌ಬಿಷಪ್ ಸತ್ತ. ಅವನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಟೀ ಕುಡಿಯುವ ಹಬ್ಬವಿದೆ. ಚಿಕ್ಕಮ್ಮ ವಿಧವೆಯಾಗಿ ಬಂದ ವರ್ಷ ಆ ಸಭೆಯಲ್ಲಿ "ತಟ್ಟಿದ" ಎಂದಳಂತೆ, ಹಿಂದಿನ ಸಾಲಿನಿಂದ ದೊಡ್ಡಮ್ಮ ಎದ್ದು "ತಟ್ಟಲಿಲ್ಲ" ಎಂದಳಂತೆ. ಅಷ್ಟೇ. ಅವತ್ತಿಗೆ ಮಾತು ನಿಂತಿತು, ವರ್ಷಗಳು ಉರುಳಿದವು.

ನಗು ಬಂತು ನನಗೆ. ಆದರೆ ನಗು ನಿಲ್ಲಿಸುವ ಸಂಗತಿಯೊಂದಿತ್ತು. ಹಬ್ಬ ಮುಗಿದ ಶನಿವಾರ ದೊಡ್ಡಮ್ಮ ನ್ಯೂಜಿಲೆಂಡಿನ ತಮ್ಮನ ಮನೆಗೆ ಹೊರಡುತ್ತಾಳೆ, ಹಡಗಿನ ಟಿಕೆಟ್ ಆಗಿದೆ. ಮಾತಾಡುವವರಿಲ್ಲದ ಮನೆಯಲ್ಲಿ ಸಾಯುವುದಿಲ್ಲ ಎಂದು ಅವಳ ಹಟ. ಹೋದರೆ ತಿರುಗಿ ಬರುವ ವಯಸ್ಸಲ್ಲ. ತಂಗಿ ಹೋಗಬೇಡ ಎನ್ನಲೊಲ್ಲಳು. "ಅಲ್ಲಿ ಮಳೆ ಜಾಸ್ತಿಯಂತೆ ಅಂತ ಹೇಳಿ ಅವಳಿಗೆ" ಎಂದು ನನ್ನ ಹತ್ತಿರ ಹೇಳಿಸಿ, ಒಳಗೆ ಹೋಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ಶನಿವಾರದೊಳಗೆ ಇವರಿಬ್ಬರ ಬಾಯಿಂದ ಒಂದು ನೇರ ಮಾತು ಹೊರಡಿಸದಿದ್ದರೆ ನಾನೆಂಥ ದುಭಾಷಿ ಎಂದು ನನಗೆ ನಾನೇ ಹೇಳಿಕೊಂಡೆ.

ಕಸುಬಿನ ಗುಟ್ಟು ಪ್ರಯೋಗಿಸಿದೆ. "ಅವಳು ಹಟಮಾರಿ ಹೇಸರಗತ್ತೆ ಅಂತ ಹೇಳಿ" ಎಂದಳು ದೊಡ್ಡಮ್ಮ. ನಾನು ತಿರುಗಿ, "ನಿಮ್ಮ ಮನಸ್ಸು ಬಲು ಗಟ್ಟಿಯಂತೆ" ಎಂದೆ. ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಿಸ್ಟರ್ ನಂಜುಂಡಯ್ಯ, ನನಗೂ ಇಂಗ್ಲಿಷ್ ಬರುತ್ತೆ" ಎಂದಳು. ಹೌದಲ್ಲ! ಊರಿಗಾಮಿನಲ್ಲಿ ನಡೆದ ಆಟ ಇಲ್ಲಿ ನಡೆಯುವ ಹಾಗಿರಲಿಲ್ಲ. ಆದರೂ ತಮಾಷೆ ನೋಡಿ, ಅವಳು ಉತ್ತರ ಕೊಟ್ಟದ್ದು ನನ್ನ ಮಾತಿಗೆ. "ಗಟ್ಟಿಯಿರೋದು ಮನೆತನದ ಗುಣ ಅಂತ ಹೇಳಿ" ಎಂದಳು. ದೊಡ್ಡಮ್ಮ ಇನ್ನೊಂದು ಆಲೂಗಡ್ಡೆ ನನ್ನ ತಟ್ಟೆಗೆ ಹಾಕಿದಳು.

ಚರ್ಚು

ಹಬ್ಬದ ದಿನ ಚರ್ಚಿಗೆ ಹೋದೆವು. ಮುನಿಯಪ್ಪ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಹೊಕ್ಕ. ಎಷ್ಟು ಹೇಳಿದರೂ ಕೇಳಲಿಲ್ಲ. ಅಲ್ಲಿನ ಕಲ್ಲಿನ ನೆಲದ ಥಂಡಿಗೆ ಕುಣಿಯುತ್ತಲೇ ಇದ್ದ. ಗೋಡೆಗೆ ಆರ್ಚ್‌ಬಿಷಪ್ಪನ ಸಮಾಧಿಯ ಕಲ್ಲು. ಅದರ ಮೇಲಿನ ಹಳೆಯ ಇಂಗ್ಲಿಷನ್ನು ಅಕ್ಷರಕ್ಕಕ್ಷರ ಓದಿದೆ. ಓದಿದವನು ಬೆಚ್ಚಿದೆ. ಇಂಥ ವರ್ಷದಲ್ಲಿ ಜೌಗಿನ ಸೀಮೆಯಿಂದ ದೊಡ್ಡ ಸೀಮೆಗೆ ಟ್ರಾನ್ಸ್‌ಲೇಟ್ ಆದರು, ಅಲ್ಲಿಂದ ಆರ್ಚ್‌ಬಿಷಪ್ ಪೀಠಕ್ಕೆ ಟ್ರಾನ್ಸ್‌ಲೇಟ್ ಆದರು ಎಂದಿತ್ತು!

ಟ್ರಾನ್ಸ್‌ಲೇಟ್! ನನ್ನ ಕಸುಬು! ಈ ಅಕ್ಕತಂಗಿಯರು ಲ್ಯಾಟಿನ್ನು, ಹಗ್ಗ, ಗೊರಕೆ ಎಲ್ಲ ಹೇಳಿದರು, ಇದೊಂದನ್ನು ಹೇಳಲಿಲ್ಲವಲ್ಲ! ವ್ಯಾಕರಣ ಸ್ವಲ್ಪ ವಕ್ರವಾಗಿ ಕಂಡಿತು ನಿಜ, ಹಳೆಯ ಕಾಲದ ಭಾಷೆ ಹಾಗೇ ಇರಬಹುದು ಎಂದುಕೊಂಡೆ. ಎದೆ ಉಬ್ಬಿತು. ಮುನಿಯಪ್ಪನಿಗೆ, "ಈ ಮಹಾನುಭಾವ ನಮ್ಮವನು ಕಣೋ, ದುಭಾಷಿ" ಎಂದೆ. "ಅಂಗಾರೆ ಇವ್ರೂ ಸುಳ್ಳು ಯೋಳ್ತಿದ್ರಾ ಸಾ?" ಎಂದ.

ಟೀ ಸಭೆಯಲ್ಲಿ ಊರಿನ ಪಾದ್ರಿಗಳು, ಇಂಡಿಯಾದಿಂದ ಬಂದ ಅತಿಥಿ ಎರಡು ಮಾತಾಡಲಿ ಎಂದರು. ಚರ್ಚಿನವರ ಜತೆ ಮುಂದಿನ ಸಾಲಿನಲ್ಲಿ ಚಿಕ್ಕಮ್ಮ. ಬಾಗಿಲ ಪಕ್ಕದಲ್ಲಿ, ಅಲ್ಲಗಳೆಯುವುದಕ್ಕೆಂದೇ ವರ್ಷವರ್ಷವೂ ಬರುವ ದೊಡ್ಡಮ್ಮ. ನಾನು ಉಪ್ಪಿನಕಾಯಿ ಕೋಟಿನ ಗುಂಡಿ ಹಾಕಿಕೊಂಡು ಎದ್ದೆ.

"ಮಹಾಜನರೇ, ನಿಮ್ಮ ಆರ್ಚ್‌ಬಿಷಪ್ಪರು ನನ್ನ ವೃತ್ತಿಯ ಹಿರಿಯಣ್ಣ. ರಾಜನ ಮಾತನ್ನು ಪ್ರಜೆಗಳಿಗೆ, ಪ್ರಜೆಗಳ ಮಾತನ್ನು ರಾಜನಿಗೆ ದಾಟಿಸುವ ಕೆಲಸ ಅವರದು. ಆದರೆ ದುಭಾಷಿ ತಿಳಿದಿರಬೇಕಾದ ಒಂದು ಗುಟ್ಟು ಅವರಿಗೆ ತಿಳಿದಿರಲಿಲ್ಲ. ರಾಜ ಗದರಿದ್ದನ್ನು ಗದರಿದ ಹಾಗೇ ದಾಟಿಸಿಬಿಟ್ಟರು. ಸ್ವಲ್ಪ ಮೆತ್ತಗೆ ಮಾಡಿ ಹೇಳಿದ್ದರೆ ಗೆಳೆಯನೂ ಉಳಿಯುತ್ತಿದ್ದ, ಇವರೂ ಉಳಿಯುತ್ತಿದ್ದರು. ಅಂಥವರನ್ನು ಎರಡೆರಡು ಕಡೆ ಟ್ರಾನ್ಸ್‌ಲೇಟರ್ ಮಾಡಿದವರಾದರೂ ಯಾರು?"

ಪಾದ್ರಿಗಳ ಟೀ ಕಪ್ಪು ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಆಗ ಮುಂದಿನ ಸಾಲಿನಿಂದ ಒಂದು, ಬಾಗಿಲ ಬಳಿಯಿಂದ ಒಂದು, ಎರಡು ದನಿ ಒಟ್ಟಿಗೆ ಕೂಗಿದವು:

"ಟ್ರಾನ್ಸ್‌ಲೇಟ್ ಅಂದರೆ ವರ್ಗ ಆಗೋದು!"

ಬಿಷಪ್ಪನನ್ನು ಒಂದು ಸೀಮೆಯಿಂದ ಇನ್ನೊಂದಕ್ಕೆ ವರ್ಗ ಮಾಡಿದರೆ ಅವರ ಭಾಷೆಯಲ್ಲಿ ಹಾಗನ್ನುತ್ತಾರಂತೆ. ಶಿವನೇ! ನಮ್ಮಲ್ಲಿ ಅಮಲ್ದಾರರಿಗೆ ಬಂಗಾರಪೇಟೆಯಿಂದ ಮುಳಬಾಗಿಲಿಗೆ ವರ್ಗ ಆಗುತ್ತೆ, ಯಾರಾದರೂ ಅವರನ್ನು ತರ್ಜುಮೆ ಮಾಡುತ್ತಾರೆಯೇ? ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಅವಮಾನದಿಂದ ಕೆಂಪಾಗಿ ಕೂತೆ. ಕೂತವನು ನೋಡಿದ್ದು ಬೇರೆಯೇ. ಒಂದೇ ಮಾತನ್ನು ಒಂದೇ ಉಸಿರಿಗೆ ಆಡಿದ್ದ ಅಕ್ಕತಂಗಿಯರು ಅಷ್ಟು ದೂರದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮರುಕ್ಷಣ ಇಬ್ಬರೂ ಗೋಡೆ ನೋಡಿದರು.

ಮನೆಗೆ ನಡೆಯುವಾಗ ನಾನು ನಡುವೆ, ಅವರು ಆ ಕಡೆ ಈ ಕಡೆ. "ಅವನು ರಾಜನ ಗದರಿಕೆಯನ್ನು ಹಾಗೇ ದಾಟಿಸಿದ್ದು ಮಾತ್ರ ನಿಜ ಅಂತ ಹೇಳಿ ಅವಳಿಗೆ" ಎಂದಳು ದೊಡ್ಡಮ್ಮ. "ಗದರಿಕೆ ರಾಜನದು ಅಂತ ಈಗಲಾದರೂ ಒಪ್ಪಿದಳಲ್ಲ, ಥ್ಯಾಂಕ್ಸ್ ಹೇಳಿ" ಎಂದಳು ಚಿಕ್ಕಮ್ಮ. ಎರಡನ್ನೂ ಹಾಗೇ ದಾಟಿಸಿದೆ. ಮೆತ್ತಗೆ ಮಾಡುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಇನ್ನೇನು ನೇರವಾಗಿ ಮಾತಾಡಿಯೇಬಿಡುತ್ತಾರೆ ಎಂದುಕೊಂಡೆ. ಆದರೆ ಶುಕ್ರವಾರವಾದರೂ ನೇರ ಮಾತು ಹೊರಡಲಿಲ್ಲ. ಪೆಟ್ಟಿಗೆ ಮಾತ್ರ ಮೆಟ್ಟಿಲಿಳಿದು ಬಾಗಿಲಿಗೆ ಬಂದು ಕೂತಿತು.

ಹಗ್ಗದೂರು ಸ್ಟೇಷನ್

ಶನಿವಾರ ಎಲ್ಲರೂ ಸ್ಟೇಷನ್ನಿಗೆ ಹೋದೆವು. ಚಿಕ್ಕಮ್ಮ ತಾನು ಬಂದದ್ದು ಸ್ಟೇಷನ್ನಿನ ಬನ್ನು ಕೊಳ್ಳುವುದಕ್ಕೆ ಎಂದು ನನ್ನ ಮೂಲಕ ಅಕ್ಕನಿಗೆ ತಿಳಿಸಿದಳು. ಪೆಟ್ಟಿಗೆ ಏರಿಸುವ ಭಾರ ಮುನಿಯಪ್ಪನಿಗೆ ಬಿಟ್ಟು ನಾವು ಟೀ ಕೋಣೆಯೊಳಗೆ ಹೋದೆವು. ಆ ಊರಿನ ಟೀ ಕೋಣೆಯಲ್ಲಿ ಗಾಜಿಗೆಲ್ಲ ಹಬೆ ಕಟ್ಟಿ ಹೊರಗೆ ಏನೂ ಕಾಣದು. ಪಕ್ಕದಲ್ಲೇ ಒಂದು ಎಂಜಿನ್ನು ಬರೀ ಡಬ್ಬಿಗಳನ್ನು ಹಿಂದೆ ಮುಂದೆ ನೂಕಾಡುತ್ತಾ ಗಳಿಗೆಗೊಮ್ಮೆ ಸಿಳ್ಳೆ ಹಾಕುತ್ತಿತ್ತು.

ಚಿಕ್ಕಮ್ಮ ಬನ್ನು ತಂದು ನನ್ನ ಕೈಗಿಟ್ಟಳು. "ತಿನ್ನಿ" ಎಂದಳು. ಕಲ್ಲಿನಂಥ ಬನ್ನು. ಒಂದೇ ಸಲಕ್ಕೆ ಅರ್ಧ ಬಾಯಿಗಿಟ್ಟೆ, ಅಷ್ಟರಲ್ಲಿ ದೊಡ್ಡಮ್ಮ, "ಅವಳಿಗೆ ಹೇಳಿ, ಹೋಗೋ ಮುಂಚೆ ಹೇಳ್ತಿದೀನಿ, ಅವನು ತಟ್ಟಲಿಲ್ಲ" ಎಂದಳು. ನಾನು ಚಿಕ್ಕಮ್ಮನ ಕಡೆ ತಿರುಗಿದೆ. ಬಾಯಿ ತುಂಬ ಬನ್ನು. ಅಗಿಯುತ್ತೇನೆ, ಅಗಿಯುತ್ತೇನೆ, ಹಾಳು ಬನ್ನು ಕರಗುತ್ತಿಲ್ಲ. ಚಿಕ್ಕಮ್ಮ ಕಾದಳು. ಇನ್ನೂ ಕಾದಳು. ತಡೆಯಲಾರದೆ ನನ್ನ ಹೆಗಲ ಮೇಲಿಂದ ಬಗ್ಗಿ ಕೂಗಿದಳು:

"ತಟ್ಟಿದ, ಆಗ್ನೆಸ್!"

"ತಟ್ಟಲಿಲ್ಲ, ಈಡಿತ್!"

"ನೀನು ನೋಡಿದ್ಯಾ?"

"ನೀನು ನೋಡಿದ್ಯಾ?"

ನಾನು ಬನ್ನನ್ನು ಹಾಗೇ ಕೆನ್ನೆಯೊಳಗೆ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕೂತೆ. ನುಂಗಿದರೆ ಎಲ್ಲಿ ಮತ್ತೆ ನನ್ನ ಕಡೆ ತಿರುಗುತ್ತಾರೋ ಎಂದು ಭಯ. ತಟ್ಟಿದ್ದರೆ ಒಳಗಿದ್ದವನಿಗೆ ಕೇಳಿಸುತ್ತಿತ್ತು ಎಂದಳು ಅಕ್ಕ. ಕೇಳಿಸಿಯೂ ಹಟಕ್ಕೆ ಕೂತಿದ್ದ, ನಿನ್ನ ಹಾಗೆ, ಎಂದಳು ತಂಗಿ. ಆರ್ಚ್‌ಬಿಷಪ್ಪನನ್ನು ಬಿಟ್ಟು ಸತ್ತುಹೋದ ಗಂಡನಿಗೆ ಬಂದರು, ಅಪ್ಪನಿಗೆ ಬಂದರು, ಚಿಕ್ಕಂದಿನಲ್ಲಿ ಒಡೆದ ಒಂದು ಗೊಂಬೆಗೆ ಬಂದರು. ಟೀ ತಣ್ಣಗಾಯಿತು. ಆಮೇಲೆ ಚಿಕ್ಕಮ್ಮನ ದನಿ ತಟ್ಟನೆ ಇಳಿಯಿತು.

"ನೀನು ಹೊರಟುಹೋದರೆ ನಾನು ಯಾರ ಹತ್ತಿರ ಜಗಳ ಆಡಲಿ?" ಎಂದಳು.

ದೊಡ್ಡಮ್ಮ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆಯುತ್ತಾ, "ಹೋಗಬೇಡ ಅಂತ ನೀನು ಒಂದು ಸಲನೂ ಅನ್ನಲಿಲ್ಲ" ಎಂದಳು.

"ಈಗ ಅಂತಿದೀನಿ."

ನನ್ನ ಕಣ್ಣಲ್ಲಿ ನೀರು ಬಂತು. ಬನ್ನಿನಿಂದಲೂ ಇರಬಹುದು ಎನ್ನುವ ಗಂಡಸಲ್ಲ ನಾನು, ಅಳುವೇ ಬಂತು. ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆದುಕೊಂಡಿತು. ಮುನಿಯಪ್ಪ, ಏದುಸಿರು ಬಿಡುತ್ತಾ.

"ಸಾ! ಬಂಡಿ ಕದಲ್ತಾ ಐತೆ ಸಾ! ಪೆಟ್ಟಿಗೆ ಏರ್ಸ್‌ಬುಟ್ಟಿವ್ನಿ! ಓಡಕ್ಕೇಳಿ ಸಾ ದೊಡ್ಡಮ್ಮೋರ್ಗೆ, ಈಗ ಓಡುದ್ರೆ ಸಿಕ್ತದೆ!"

ದೊಡ್ಡಮ್ಮೋರು ಅನ್ನುವುದೊಂದು ಬಿಟ್ಟರೆ ಅವನು ಆಡಿದ್ದರಲ್ಲಿ ಒಂದಕ್ಷರವೂ ಆ ಇಬ್ಬರಿಗೆ ತಿಳಿಯುವ ಹಾಗಿರಲಿಲ್ಲ. ಇಡೀ ಇಂಗ್ಲೆಂಡಿನಲ್ಲಿ ಅದು ಬಲ್ಲವನು ನಾನೊಬ್ಬನೇ. ದೊಡ್ಡಮ್ಮ ತಂಗಿಯ ಕೈ ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಏನಂತೆ ಅವನಿಗೆ?" ಎಂದು ಕೇಳಿದಳು.

ನಾನು ಬನ್ನು ನುಂಗಿದೆ.

"ನಿಮ್ಮಿಬ್ಬರಿಗೂ ಇನ್ನೊಂದು ಟೀ ತರಲೇ ಅಂತ ಕೇಳ್ತಿದಾನೆ" ಎಂದೆ.